ಗೊರಗುಂಟೆಪಾಳ್ಯದ ತನಕ ಒಂದು ಪಾಸು

ವೈಟ್‌ಫೀಲ್ಡ್

ಟಕ್, ಟಕ್. ಟಿಕೆಟ್ಟಿಗೆ ತೂತು ಹಾಕುವ ಪಂಚನ್ನು ಕಂಡಕ್ಟರು ಖಾಲಿ ಗಾಳಿಗೆ ಒತ್ತುತ್ತಾ ಬರುವ ಸದ್ದು ಅದು. ನಾನು ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ವೈಟ್‌ಫೀಲ್ಡಿನಿಂದ ಸಿಟಿಗೆ ಬೆಳಿಗ್ಗೆ ನಮಗೆ ಆಗಿಬರುತ್ತಿದ್ದದ್ದು ಒಂದೇ ಬಸ್ಸು. ಅದರ ಕಂಡಕ್ಟರು ಮುನಿಸ್ವಾಮಪ್ಪ. ಉಳಿದವರಿಗೆಲ್ಲ ಟಿಕೆಟ್ ಹರಿದು, ತೂತು ಹಾಕಿ ಕೊಡುವರು. ಸ್ಟೂಡೆಂಟ್ ಪಾಸಿನವರಾದ ನಮಗೆ ಹರಿಯುವುದಕ್ಕೆ ಏನೂ ಇಲ್ಲವಲ್ಲ, ಪಾಸು ಎತ್ತಿ ಹಿಡಿದರೆ ಅದರ ಮುಂದೆ ಗಾಳಿಗೇ ಒಂದು ಟಕ್. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದ ಅಭ್ಯಾಸ, ನಾನು ಪ್ರತಿ ಸಲವೂ "ಥ್ಯಾಂಕ್ ಯು" ಅನ್ನುತ್ತಿದ್ದೆ. ಗಾಳಿಗೆಲ್ಲ ಯಾಕಮ್ಮ ಥ್ಯಾಂಕ್ಸು ಅಂತ ಅವರು ನಗುತ್ತಿದ್ದರು.

ಆ ಸದ್ದು ಐವತ್ತು ವರ್ಷದ ಮೇಲೆ ನನಗೆ ಮತ್ತೆ ಸಿಕ್ಕಿದ್ದು ಜರ್ಮನಿಯಲ್ಲಿ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೋಟೆ, ಚರ್ಚು, ಮ್ಯೂಸಿಯಂ ನೋಡಬೇಕೆನ್ನುವವರು ಬೇರೆ ಯಾರನ್ನಾದರೂ ಓದಿ. ನಾನು ನೋಡಿದ್ದು ಹೆಚ್ಚಾಗಿ ಟ್ರಾಮಿನ ಕಿಟಕಿಯಿಂದ.

ನನ್ನ ಪಾಸಿನ ಮೇಲೆ ಎರಡು ಸಾಲು ಇತ್ತು. ಎಲ್ಲಿಂದ, ವೈಟ್‌ಫೀಲ್ಡ್. ಎಲ್ಲಿಗೆ, ಕಾಲೇಜಿನ ಸ್ಟಾಪು. ಮೂರು ವರ್ಷ ಅಲ್ಲಿ ಹತ್ತಿ ಇಲ್ಲಿ ಇಳಿದೆ. ಬಿ.ಎ. ಮುಗಿದಾಗ ಮದರಾಸಿನಲ್ಲಿ ಎಂ.ಎ. ಸೀಟು ಸಿಕ್ಕಿತ್ತು. ಹೋಗಲಿಲ್ಲ. ಯಾರೂ ತಡೆಯಲಿಲ್ಲ. ಹೋಗು ಅಂತಲೂ ಯಾರೂ ಅನ್ನಲಿಲ್ಲ, ಅಷ್ಟೆ.

ದಾಸರಹಳ್ಳಿ

ಈಗ ನನಗೆ ಎಪ್ಪತ್ತೊಂದು. ಬ್ರೂಕ್‌ಫೀಲ್ಡಿನಲ್ಲಿ ತಂಗಿಯ ಜೊತೆ ಇದ್ದೇನೆ. ಟೀಚರ್ ಕೆಲಸದಿಂದ ರಿಟೈರ್ ಆಗಿ ಎಷ್ಟೋ ಕಾಲವಾಯಿತು. ಮೆಟ್ರೊ ಬಂದಮೇಲೆ ಒಂದು ಹುಚ್ಚು ಹಿಡಿಯಿತು ನೋಡಿ: ಪ್ರತಿ ಶನಿವಾರ ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಹೋಗಿ, ಗೊರಗುಂಟೆಪಾಳ್ಯದ ಹತ್ತಿರದ ಒಂದು ಪಾಲಿಟೆಕ್ನಿಕ್ಕಿನ ಹುಡುಗಿಯರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವುದು. ತಂಗಿ ಇದನ್ನು "ನಿನ್ನ ವಾರದ ತೀರ್ಥಯಾತ್ರೆ" ಅನ್ನುತ್ತಾಳೆ.

ಆ ಕಾಲೇಜಿನ ಮೂವರು ಹುಡುಗಿಯರನ್ನು ಜರ್ಮನಿಯ ಒಂದು ವರ್ಕ್‌ಶಾಪು ಎರಡು ವಾರದ ಟ್ರೈನಿಂಗಿಗೆ ಕರೆಯಿತು. ಜೊತೆಗೆ ಹೋಗಬೇಕಿದ್ದ ಲೇಡಿ ಲೆಕ್ಚರರ್‌ಗೆ ಆ ತಿಂಗಳೇ ಹೆರಿಗೆಯ ದಿನ. ಪಾಸ್‌ಪೋರ್ಟ್ ಇದ್ದ ಇನ್ನೊಬ್ಬ ಹೆಂಗಸು ಅಂದರೆ ನಾನೇ. ಹೀಗೆ ನಾನು ಫಾರಿನ್‌ಗೆ ಹೋದೆ, ಬದಲಿ ಆಟಗಾರ್ತಿಯಾಗಿ.

ಮೂವರಲ್ಲಿ ಚೈತ್ರಾ ನಾಗಸಂದ್ರದವಳು, ನಿದ್ದೆಯಲ್ಲೂ ಮಾತಾಡುವಳು. ಫರ್ಹಾನಾ ಪೀಣ್ಯದವಳು, ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಇಬ್ಬರ ಮನೆಯಲ್ಲೂ ಒಂದೇ ಮಾತಿಗೆ ಒಪ್ಪಿದರು. ಮೂರನೆಯವಳು ಶರಣಮ್ಮ. ಅವಳ ತಂದೆ ಮಲ್ಲಪ್ಪ ಯಾದಗಿರಿ ಕಡೆಯವರು, ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಬಣ್ಣ ಹೊಡೆಯುವ ಕೆಲಸ. ಅವರನ್ನು ಒಪ್ಪಿಸಲು ಪ್ರಿನ್ಸಿಪಾಲರು ನನ್ನನ್ನು ಕಳಿಸಿದರು.

ದಾಸರಹಳ್ಳಿಯಲ್ಲಿ ಒಂದು ಮಹಡಿಯ ಮೇಲಿನ ಒಂಟಿ ರೂಮು. ಶರಣಮ್ಮನ ತಾಯಿ ಚಾ ಕೊಟ್ಟು ಬಾಗಿಲ ಹತ್ತಿರ ಕೂತರು. ಮಲ್ಲಪ್ಪ ಗೋಡೆಯ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರಿನಿಂದ ಮಗಳ ಹಳೆಯ ಸ್ಟೂಡೆಂಟ್ ಬಸ್‌ಪಾಸು ತೆಗೆದು ನನ್ನ ಕೈಗಿಟ್ಟರು. ಡಿಪ್ಲೊಮಾದ ಮೊದಲ ವರ್ಷದ್ದು. ದಾಸರಹಳ್ಳಿಯಿಂದ ಗೊರಗುಂಟೆಪಾಳ್ಯ.

"ಅಮ್ಮಾರ, ನಮ್ಮ ಹುಡುಗಿ ಪಾಸು ಇಲ್ಲೀತನ ಅದ. ಇದರ ಆಚಿಗಿ ಆಕಿ ಒಬ್ಬಾಕಿ ಹೋಗಿಲ್ಲ."

ಆ ಪಾಸಿನ ಅವಧಿ ಮುಗಿದು ಯಾವ ಕಾಲವಾಗಿತ್ತೋ. ಆಮೇಲೆ ಹೆಂಗಸರಿಗೆಲ್ಲ ಬಸ್ ಫ್ರೀ ಆಯಿತು. ಆಧಾರ್ ಕಾರ್ಡ್ ತೋರಿಸಿದರೆ ಶರಣಮ್ಮ ಬೀದರಿನವರೆಗೂ ಹೋಗಬಹುದು. ನಾನು ಅದನ್ನೇ ಅಂದೆ. ಮಲ್ಲಪ್ಪ ಸಿಟ್ಟಾಗಲಿಲ್ಲ, ಮಕ್ಕಳಿಗೆ ಹೇಳುವಂತೆ ನನಗೆ ಹೇಳಿದರು.

"ಬಸ್ ಫ್ರೀ ಆತಂತ ಊರು ಸಣ್ಣದಾತೇನ್ರಿ?"

ನಾನು ಕಾಲೇಜಿನ ಪತ್ರ ಮುಂದಿಟ್ಟೆ. ಎಲ್ಲಿಂದ ಎಲ್ಲಿಗೆ, ಯಾವ ದಿನದಿಂದ ಯಾವ ದಿನಕ್ಕೆ, ಯಾರ ಜೊತೆ, ಎಲ್ಲ ಅದರಲ್ಲಿತ್ತು, ಕೆಳಗೆ ನೇರಳೆ ಬಣ್ಣದ ದುಂಡು ಸೀಲು. ಮಲ್ಲಪ್ಪ ಪತ್ರ ಓದಲಿಲ್ಲ. ಸೀಲಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸೀಲ್ ಅದ, ನೀವೂ ಅದೀರಿ, ಹೋಗಿ ಬರ್ರಿ ಅಂದರು. ಸೀಲಿನ ನಂತರ ನನ್ನ ನಂಬರು.

ದಾಸರಹಳ್ಳಿ, ಎರಡನೆಯದು

ನಾವು ಇಳಿದ ಊರಿನ ಹೆಸರಿನಲ್ಲಿ ಸ್ವರಕ್ಕಿಂತ ವ್ಯಂಜನ ಜಾಸ್ತಿ. ಹಿಂದೆ ಗಡಿಯಾರ ಮಾಡುತ್ತಿದ್ದರಂತೆ, ಹಾಗಾಗಿ ಹುಡುಗಿಯರು "ಗಡಿಯಾರದ ಊರು" ಅಂದುಬಿಟ್ಟರು. ಟ್ರಾಮಿನ ಸ್ಟಾಪುಗಳ ಹೆಸರು ಇನ್ನೂ ಉದ್ದ. ಚೈತ್ರಾ ಮೊದಲ ಸಂಜೆಯೇ ಅದಕ್ಕೊಂದು ದಾರಿ ಹುಡುಕಿದಳು. ಹಾಸ್ಟೆಲ್ ಇದ್ದದ್ದು ದಾಸರಹಳ್ಳಿ. ಮೂರನೇ ಸ್ಟಾಪು, ವರ್ಕ್‌ಶಾಪಿನದು, ಗೊರಗುಂಟೆಪಾಳ್ಯ. ಟ್ರಾಮಿನ ಕೊನೆ, ರೈಲು ಹತ್ತುವ ಜಾಗ, ಯಶವಂತಪುರ. ಆ ರೈಲಿನ ಕೊನೆಯ ಊರು, ದೊಡ್ಡ ಸರೋವರದ ದಡದ್ದು, ಮತ್ತೇನು, ಮೆಜೆಸ್ಟಿಕ್. ಎರಡು ದಿನದಲ್ಲಿ ನಾನೂ "ಯಶವಂತಪುರದಲ್ಲಿ ಬ್ರೆಡ್ ಚೆನ್ನಾಗಿ ಸಿಗುತ್ತೆ ಕಣ್ರೇ" ಅನ್ನತೊಡಗಿದ್ದೆ.

ಅಲ್ಲಿಯ ಟ್ರಾಮಿನಲ್ಲಿ ಸ್ಟಾಪು ಬಂದರೂ ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಇದು ನಮಗೆ ಗೊತ್ತಾದದ್ದು ದಾಸರಹಳ್ಳಿ ದಾಟಿ ಹೋದಮೇಲೆ. ನಾವು ನಾಲ್ಕು ಜನ ಸೂಟ್‌ಕೇಸ್ ಹಿಡಿದು ಬಾಗಿಲ ಮುಂದೆ ಭಕ್ತಿಯಿಂದ ನಿಂತಿದ್ದೆವು. ಅದು ನಿಂತಿತು, ಹೊರಟಿತು. ಚೈತ್ರಾ ಅಂಗೈಯಿಂದ ಟ್ರಾಮಿನ ಗೋಡೆಗೆ ಎರಡು ಸಲ ಬಡಿದು "ಹೋಲ್ಡಾನ್, ಹೋಲ್ಡಾನ್" ಅಂದಳು. ಇಡೀ ಟ್ರಾಮು ತಿರುಗಿ ನೋಡಿತು. ಅಲ್ಲಿ ಯಾರೂ ಮಾತಾಡುವುದಿಲ್ಲ, ಲೈಬ್ರರಿಗೆ ಚಕ್ರ ಹಚ್ಚಿದ ಹಾಗೆ. ಒಂದು ನಾಯಿ ಮಾತ್ರ ನಮ್ಮ ಪರವಾಗಿ ಬೊಗಳಿತು.

ಅಷ್ಟರಲ್ಲಿ ಬೂದುಗೂದಲಿನ ಹೆಂಗಸೊಬ್ಬರು ಎದ್ದು ಬಂದರು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಚರ್ಮದ ಬ್ಯಾಗು. ಟಿಕೆಟ್ ನೋಡುವವರು ಅಂತ ಯಾರೂ ಹೇಳಬೇಕಾಗಿರಲಿಲ್ಲ, ಅದು ಪ್ರಪಂಚದಲ್ಲೆಲ್ಲ ಒಂದೇ ನಡಿಗೆ. ಆಮೇಲೆ ನಡೆದದ್ದನ್ನು ಬರೆಯಲು ಸ್ವಲ್ಪ ನಾಚಿಕೆ. ಆ ಹೆಂಗಸು ಮುಂದೆ ಬಂದು ನಿಂತದ್ದೇ ತಡ, ನಮ್ಮ ನಾಲ್ಕೂ ಕೈಗಳು ತಾವಾಗಿ ಪರ್ಸಿಗೆ ಹೋದವು, ನಾಲ್ಕು ಆಧಾರ್ ಕಾರ್ಡುಗಳು ಒಟ್ಟಿಗೆ ಮೇಲೆ ಬಂದವು. ನಾನು, ಇಂಗ್ಲಿಷ್ ಟೀಚರ್, ಎಲ್ಲರಿಗಿಂತ ಮೊದಲು. ಟಿಕೆಟ್ ತೆಗೆಯಬೇಕು ಅನ್ನುವುದು ನಮ್ಮ ತಲೆಗೇ ಬಂದಿರಲಿಲ್ಲ. ಹೆಂಗಸರು, ಬಸ್ಸು, ಆಧಾರ್. ಅಷ್ಟು ಅಭ್ಯಾಸವಾಗಿ ಹೋಗಿತ್ತು.

ಆಕೆ ನನ್ನ ಕಾರ್ಡು ತಿರುಗಿಸಿ ನೋಡಿದರು, ಫೋಟೋ ನೋಡಿದರು, ನನ್ನನ್ನು ನೋಡಿದರು. ಶರಣಮ್ಮ ಫ್ರೀ ಟಿಕೆಟ್ಟಿಗಾಗಿ ಕೈ ಚಾಚಿಯೇ ನಿಂತಿದ್ದಳು. ಆಕೆ ಇಂಗ್ಲಿಷಿನಲ್ಲಿ ಇದೇನು ಅಂದರು. ನಮ್ಮ ಕಡೆ ಹೆಂಗಸರು ಇದನ್ನು ತೋರಿಸಿದರೆ ಬಸ್ಸಿನಲ್ಲಿ ದುಡ್ಡು ಕೇಳುವುದಿಲ್ಲ ಅಂತ ನಾನು ತಲೆ ತಗ್ಗಿಸಿ ಹೇಳಿದೆ. ಎಲ್ಲ ಹೆಂಗಸರಿಗೂ? ಎಲ್ಲ ಹೆಂಗಸರಿಗೂ. ಎಷ್ಟು ದೂರ? ರಾಜ್ಯವೆಲ್ಲ. ಆಕೆ ಪಕ್ಕದ ಸೀಟಿನಲ್ಲಿ ಕೂತೇಬಿಟ್ಟರು. ಜರ್ಮನ್‌ನಲ್ಲಿ ಹಿಂದಿನ ಸೀಟಿನ ಅಜ್ಜಿಗೆ ಏನೋ ಅಂದರು, ಆ ಅಜ್ಜಿ ಅದರ ಹಿಂದಿನವರಿಗೆ. ಲೈಬ್ರರಿಗೆ ಮಾತು ಬಂತು. ಟಿಕೆಟ್ ತೆಗೆಯುವ ಮೆಷಿನ್ ಎಲ್ಲಿದೆ ಅಂತ ಆಕೆಯೇ ತೋರಿಸಿ, ನಾಲ್ಕು ಟಿಕೆಟ್ ತೆಗೆಸಿ, ಸರಿಯಾದ ಸ್ಟಾಪಿಗೆ ಹೋಗುವ ಟ್ರಾಮು ಹತ್ತಿಸಿದರು.

ಫರ್ಹಾನಾಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಆ ನಾಯಿಯ ಯಜಮಾನ ಎರಡು ಟಿಕೆಟ್ ತೋರಿಸಿದ್ದನ್ನು ಅವಳು ನೋಡಿದ್ದಳು. "ಮಿಸ್, ನಾಯಿ ಹತ್ರ ಟಿಕೆಟ್ ಇತ್ತು. ನಮ್ ಹತ್ರ ಇರ್ಲಿಲ್ಲ."

ಆ ಟಿಕೆಟ್ಟಿನವರಿಗೆ ಹುಡುಗಿಯರು ಅವತ್ತಿನಿಂದ "ಕಂಡಕ್ಟರ್ ಆಂಟಿ" ಅಂತ ಹೆಸರಿಟ್ಟರು. ಟ್ರಾಮಿನಲ್ಲೂ ಸರೋವರದ ರೈಲಿನಲ್ಲೂ ಆಕೆಗೇ ಡ್ಯೂಟಿ. ಸಿಕ್ಕಾಗಲೆಲ್ಲ ದೂರದಿಂದಲೇ ಕೈಯೆತ್ತಿ, ಆಧಾರ್ ಎಲ್ಲಿ ಅಂತ ಸನ್ನೆ ಮಾಡುತ್ತಿದ್ದರು.

ಗೊರಗುಂಟೆಪಾಳ್ಯ

ವರ್ಕ್‌ಶಾಪಿನ ಮುಖ್ಯಸ್ಥೆ ಉರ್ಸುಲಾ ಅಂತ, ಐವತ್ತೈದರ ಆಸುಪಾಸಿನವರು, ಅಂಗೈ ನೋಡಿದರೆ ಮಲ್ಲಪ್ಪನ ಅಂಗೈ ಜ್ಞಾಪಕ ಬರುತ್ತಿತ್ತು. ಮೊದಲ ಬೆಳಿಗ್ಗೆಯೇ ಹುಡುಗಿಯರಿಗೆ ವಿದ್ಯಾರ್ಥಿ ಪಾಸು ಹಂಚಿದರು. ಅಲ್ಲಿಯ ಮಕ್ಕಳದ್ದೆಲ್ಲ ಮೊಬೈಲಿನಲ್ಲೇ ಇರುತ್ತದೆ. ಅತಿಥಿಗಳಾದ್ದರಿಂದ ನಮಗೆ ಕಾಗದದ ಮೇಲೆ ಮುದ್ರಿಸಿ ಕೊಟ್ಟರು. ಹೆಸರು, ಹುಟ್ಟಿದ ದಿನ, ಮೂಲೆಯಲ್ಲಿ ಕರಿ ಚುಕ್ಕಿಗಳ ಒಂದು ಚೌಕ.

ನನಗೆ ಕೊಟ್ಟದ್ದು ಹಿರಿಯರ ಪಾಸು. ನನಗೂ ಸ್ಟೂಡೆಂಟಿನದೇ ಆಗಬಹುದಾ ಅಂತ ಆಸೆಯಿಂದ ಕೇಳಿದೆ. ಏನು ಓದುತ್ತಿದ್ದೀರಿ ಅಂದರು. ನಿಮ್ಮ ಊರಿನ ಹೆಸರು ಅಂದೆ. ಉರ್ಸುಲಾ ಬಹಳ ನಕ್ಕರು, ಆದರೆ ಹಿರಿಯರ ಪಾಸನ್ನೇ ಕೊಟ್ಟರು. ಜರ್ಮನರು ನಗುವುದು ಬೇರೆ, ನಿಯಮ ಬೇರೆ.

ಶರಣಮ್ಮ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದಳು.

"ಮಿಸ್, ಇದರಾಗ ಎಲ್ಲಿಂದ ಎಲ್ಲಿಗೆ ಅಂತ ಬರದೇ ಇಲ್ಲಲ್ರಿ?"

ನಾನು ಉರ್ಸುಲಾಗೆ ಕೇಳಿ ಹೇಳಿದೆ: ಈ ಸೀಮೆಯ ಟ್ರಾಮು, ಬಸ್ಸು, ರೈಲು, ಎಲ್ಲಿಗಾದರೂ.

"ಎಲ್ಲಿಗಾದರೂ ಅಂದ್ರ ಎಲ್ಲಿಗ್ರಿ?"

ವಾಪಸು ಬರುವಾಗ ಟ್ರಾಮಿನ ಬಾಗಿಲ ಮೇಲಿದ್ದ ನಕ್ಷೆ ತೋರಿಸಿದೆ. ಚೈತ್ರಾ, ಫರ್ಹಾನಾ ಅವತ್ತು ಸಂಜೆಯಿಂದಲೇ ಶುರುಮಾಡಿದರು. ಕೆಲಸ ಮುಗಿಯುತ್ತಿದ್ದ ಹಾಗೆ ಬಂದ ಟ್ರಾಮು ಹತ್ತುವುದು, ಅದರ ಕೊನೆಯವರೆಗೆ ಹೋಗುವುದು, ಅಲ್ಲಿ ಒಂದು ಐಸ್‌ಕ್ರೀಮ್ ತಿಂದು ವಾಪಸು. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಊಟದ ಹೊತ್ತಿಗೂ ಬಿಸಿಲು ಇರುತ್ತದೆ, ನನಗೂ ಚಿಂತೆಯಿಲ್ಲ. ಶರಣಮ್ಮ ಮಾತ್ರ ಗೊರಗುಂಟೆಪಾಳ್ಯದಲ್ಲಿ ಹತ್ತಿ ದಾಸರಹಳ್ಳಿಯಲ್ಲಿ ಇಳಿಯುವಳು. ಕರೆದರೆ, "ನಾ ಬರಂಗಿಲ್ರಿ, ಉಪ್ಪಿಟ್ಟು ಮಾಡೂದದ" ಅನ್ನುವಳು. ಆ ಉಪ್ಪಿಟ್ಟನ್ನು ನಾವು ಮೂವರೂ ಬಂದು ತಿನ್ನುತ್ತಿದ್ದೆವು, ಆದ್ದರಿಂದ ಜೋರಾಗಿ ವಾದ ಮಾಡಲೂ ನಾಲಿಗೆ ಬರುತ್ತಿರಲಿಲ್ಲ.

ಟ್ರಾಮಿನಲ್ಲಿ ಅವಳು ಕೂರುತ್ತಿರಲಿಲ್ಲ ಅನ್ನುವುದನ್ನು ಮಾತ್ರ ಗಮನಿಸಿದ್ದೆ. ಬಾಗಿಲ ಹತ್ತಿರ, ಆ ನಕ್ಷೆಯ ಕೆಳಗೆ, ಕತ್ತೆತ್ತಿ ನಿಂತಿರುವಳು.

ವರ್ಕ್‌ಶಾಪಿನಲ್ಲಿ ಅವಳೇ ಬೇರೆ. ಉಕ್ಕಿನ ತುಂಡನ್ನು ಸಾಣೆ ಮೆಷಿನ್ನಿಗೆ ಕೊಟ್ಟು, ತೆಗೆದು, ಅದರ ಮೈಮೇಲೆ ಹೆಬ್ಬೆರಳು ಆಡಿಸಿ "ಇನ್ನಾ ಕೂದಲೆಳಿ ಅಷ್ಟು ದಪ್ಪದ" ಅನ್ನುವಳು. ಅಳತೆಯ ಮೆಷಿನ್ನೂ ಅದನ್ನೇ ಹೇಳುವುದು. ಮೂರು ದಿನ ಉರ್ಸುಲಾ ಪಕ್ಕದಲ್ಲೇ ನಿಂತು ನೋಡಿದರು. ಅಪ್ಪ ಸೀಲು ಮುಟ್ಟಿ ನೋಡಿದ್ದು ನನಗೆ ಜ್ಞಾಪಕ ಬಂತು. ಬೆರಳಲ್ಲಿ ಓದುವುದು ಆ ಮನೆಯ ವಿದ್ಯೆ.

ಯಶವಂತಪುರ

ಎರಡನೇ ಮಂಗಳವಾರ ಉರ್ಸುಲಾ ನನ್ನನ್ನು ಕಾಫಿಗೆ ಕರೆದರು. ಸರೋವರದ ಊರಿನಲ್ಲಿ ಅವರ ಇನ್ನೊಂದು ವರ್ಕ್‌ಶಾಪು ಇದೆ, ಅಲ್ಲಿ ಮೂರು ವರ್ಷ ಸಂಬಳ ಕೊಟ್ಟು ಕೆಲಸ ಕಲಿಸುತ್ತಾರೆ. ಶರಣಮ್ಮನಿಗೆ ಜಾಗ ಇದೆ. ಆದರೆ ಶುಕ್ರವಾರ ಒಂದು ದಿನ ಅಲ್ಲಿ ಹೋಗಿ ಕೆಲಸ ಮಾಡಿ ತೋರಿಸಬೇಕು. ಒಬ್ಬಳೇ ಬರಬೇಕು. ಅಲ್ಲಿ ಒಬ್ಬಳೇ ಬದುಕಬೇಕಾದವಳು ಒಬ್ಬಳೇ ಬರಬಲ್ಲಳಾ ಅಂತ ನೋಡುವುದೂ ಪರೀಕ್ಷೆಯೇ ಅಂದರು. ಭಾನುವಾರ ನಮ್ಮ ವಿಮಾನ. ಶುಕ್ರವಾರ ಹೋಗದಿದ್ದರೆ ಜಾಗ ಬೇರೆಯವರಿಗೆ.

ಶರಣಮ್ಮನಿಗೆ ಹೇಳಿದೆ. ಅವಳ ಮುಖ ದೀಪ ಹಚ್ಚಿದಂತೆ ಆಗಿ, ತಕ್ಷಣವೇ ಆರಿತು.

"ಮೆಜೆಸ್ಟಿಕ್ ಅಲ್ಲೇನ್ರಿ ಅದು," ಅಂದಳು.

ಆಮೇಲೆ ಯಶವಂತಪುರದ ಬೆಂಚಿನಲ್ಲಿ ಕೂತು ಅವಳು ಹೇಳಿದ್ದು ಇಷ್ಟು. ಅವಳಿಗೆ ಐದು ವರ್ಷ ಇದ್ದಾಗ ಮನೆಯವರು ಯಾದಗಿರಿಯಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿದರು. ಗದ್ದಲದಲ್ಲಿ ಅಪ್ಪನ ಕೈ ತಪ್ಪಿತು. ಯಾವುದೋ ಬಸ್ಸಿನ ಕಂಡಕ್ಟರು ಅವಳನ್ನು ತನ್ನ ಸೀಟಿನಲ್ಲಿ ಕೂರಿಸಿಕೊಂಡು ಎಲ್ಲಿಗಮ್ಮ ಅಂತ ಕೇಳಿದ. ಅವಳಿಗೆ ಗೊತ್ತಿದ್ದದ್ದು ಒಂದೇ ಹೆಸರು, ದಾಸರಹಳ್ಳಿ. ಅವನು ದಾಸರಹಳ್ಳಿಯ ಪ್ಲಾಟ್‌ಫಾರಂ ಹುಡುಕಿ, ಅಪ್ಪ ಅಳುತ್ತಾ ಬರುವ ತನಕ ಅಲ್ಲೇ ಕಾದ. ಅಂದಿನಿಂದ ಮಲ್ಲಪ್ಪನಿಗೆ ಎಲ್ಲಿಂದ ಎಲ್ಲಿಗೆ ಅಂತ ಬರೆದು ಸೀಲು ಹಾಕಿದ ಕಾಗದ ಅಂದರೆ, ನಿನ್ನ ಮಗಳು ಎಲ್ಲಿದ್ದಾಳೆ ಅಂತ ಬಸ್ಸಿನವರಿಗೆ ಗೊತ್ತಿದೆ ಅಂತ ಅರ್ಥ. ಪಾಸಿನ ಆಚೆ ಯಾರಿಗೂ ಗೊತ್ತಿಲ್ಲದ ಜಾಗ.

ನಿನಗೆ ಹೋಗಬೇಕಾ, ಅದನ್ನು ಹೇಳು ಅಂದೆ. "ಅಪ್ಪ ಹೂಂ ಅಂದ್ರ," ಅಂದಳು.

ಬುಧವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನ್ ಮಾಡಿದೆವು. ಅಲ್ಲಿ ಮಲ್ಲಪ್ಪನ ಶಿಫ್ಟು ಮುಗಿದಿತ್ತು, ಹಿಂದೆ ತುಮಕೂರು ರಸ್ತೆಯ ಹಾರನ್ನು ಕೇಳುತ್ತಿತ್ತು. ನಾನು ಎಲ್ಲ ಹೇಳಿದೆ, ಕೆಲಸ, ಸಂಬಳ, ಶುಕ್ರವಾರ. ಅವರು ಕೇಳಿದ್ದು ಒಂದೇ. ಅಲ್ಲೀತನ ಪಾಸು ಅದೇನ್ರಿ? ಇದೆ ಅಂದೆ. ಹಂಗಾದ್ರ ನಡುವಿನ ಸ್ಟಾಪ್ ಓದ್ರಿ ಅಂದರು.

ಪಾಸಿನ ಜೊತೆ ಕೊಟ್ಟಿದ್ದ ನಕ್ಷೆ ತೆರೆದು ನಾನು ಓದಲು ಹೊರಟೆ. ಎರಡನೇ ಹೆಸರಿನಲ್ಲೇ ನಾಲಿಗೆ ಸಿಕ್ಕಿಹಾಕಿಕೊಂಡಿತು. ಪಕ್ಕದಿಂದ ಶರಣಮ್ಮ ಮೆಲ್ಲಗೆ ತಿದ್ದಿದಳು. ಮೂರನೆಯದನ್ನೂ ಅವಳೇ ಹೇಳಿದಳು. ನಾಲ್ಕು, ಐದು, ಆರು. ಕಾಗದ ನೋಡದೆ. ಟ್ರಾಮಿನ ಸ್ಟಾಪುಗಳು, ಆಮೇಲೆ ರೈಲಿನವು, ಸುರಂಗದ ಆಚಿನವು, ಒಂದಾದಮೇಲೊಂದು, ಸ್ವಚ್ಛ ಜರ್ಮನ್‌ನಲ್ಲಿ, ಚೈತ್ರಾ ಇಟ್ಟ ಹೆಸರುಗಳಲ್ಲ, ನಿಜವಾದ ಹೆಸರುಗಳು. ಇಪ್ಪತ್ತಾರು ಸ್ಟಾಪು. ಸರೋವರದ ಊರಿನಲ್ಲಿ ನಿಲ್ಲಿಸಿದಳು.

"ನೀ ಹೋಗಿ ಬಂದೀ ಏನು?" ಅಂದರು ಮಲ್ಲಪ್ಪ.

"ಇಲ್ಲಪಾ. ಬಾಗಲ ಮ್ಯಾಲ ಬರದಾರ. ನಿಂತು ಓದತಿದ್ದೆ."

ಮಲ್ಲಪ್ಪ ನನ್ನನ್ನು ಕೇಳಿದರು.

"ಅಮ್ಮಾರ, ಸೀಲ್ ಅದೇನ್ರಿ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಸದ್ಗುಣವಲ್ಲ, ಕಾನ್ವೆಂಟು. ಸೀಲ್ ಇಲ್ಲ, ಚುಕ್ಕಿಗಳ ಚೌಕ ಇದೆ, ಮೆಷಿನ್ ಓದುತ್ತದೆ ಅಂದೆ. ಮೆಷಿನ್ ಹುಡುಗೀನ್ನ ಹುಡುಕಿ ಕೊಡತದೇನ್ರಿ ಅಂದರು. ಉರ್ಸುಲಾ ಮೇಡಂ ವರ್ಕ್‌ಶಾಪಿನ ಸೀಲು ಹಾಕಿ ಕೊಡಬಹುದು ಅಂದೆ. ಅವರು ಒಪ್ಪಲಿಲ್ಲ. ಕೆಲಸದವರ ಸೀಲು ಕೆಲಸಕ್ಕೆ. ದಾರಿಗೆ ಬಸ್ಸಿನವರ ಸೀಲೇ ಆಗಬೇಕು.

ಗುರುವಾರ ಬೆಳಿಗ್ಗೆ ನಾವು ನಾಲ್ವರೂ ಯಶವಂತಪುರದಲ್ಲಿ ಕಂಡಕ್ಟರ್ ಆಂಟಿಗಾಗಿ ಕಾದೆವು. ಮೂರು ರೈಲು ಬಿಟ್ಟೆವು. ನಾಲ್ಕನೆಯದರಿಂದ ಆಕೆ ಇಳಿದು, ನಮ್ಮನ್ನು ಕಂಡು, ಆಧಾರ್ ಎಲ್ಲಿ ಅಂತ ಸನ್ನೆ ಮಾಡಿದರು. ನಾನು ಶರಣಮ್ಮನ ಪಾಸು ಮುಂದೆ ಹಿಡಿದು, ಇದಕ್ಕೊಂದು ಸೀಲು ಬೇಕಿತ್ತು ಅಂದೆ. ಇದಕ್ಕೆ ಸೀಲು ಬೇಡವೇ ಬೇಡ ಅಂದರು. ಬೆಂಗಳೂರಿನಲ್ಲಿ ಒಬ್ಬ ತಂದೆಗೆ ಬೇಕು ಅಂದೆ. ಮೆಜೆಸ್ಟಿಕ್ಕಿನಲ್ಲಿ ಕಳೆದ ಮಗು, ಅದನ್ನು ತನ್ನ ಸೀಟಿನಲ್ಲಿ ಕೂರಿಸಿಕೊಂಡ ಕಂಡಕ್ಟರು, ಶುಕ್ರವಾರ, ಎಲ್ಲವನ್ನೂ ಹೊರಡಲು ಸಿದ್ಧವಾದ ರೈಲಿನ ಬಾಗಿಲಲ್ಲಿ ನಿಂತು ಹೇಳಿದೆ. ನನ್ನ ಜೀವನದ ಅತ್ಯಂತ ವೇಗದ ಇಂಗ್ಲಿಷ್ ಅದು.

ಆಕೆ ಚರ್ಮದ ಬ್ಯಾಗಿನ ತಳಕ್ಕೆ ಕೈಹಾಕಿದರು. ಥರ್ಮಾಸು, ಸೇಬು, ಕೊಡೆ ಎಲ್ಲ ಹೊರಗೆ ಬಂದಮೇಲೆ ಇಕ್ಕಳದಂಥ ಒಂದು ಹಳೆಯ ಪಂಚು ಬಂತು. ಮೆಷಿನ್ ಬಂದಮೇಲೆ ಇದನ್ನು ಆಫೀಸಿಗೆ ಹಿಂತಿರುಗಿಸಬೇಕಿತ್ತು, ಮನಸ್ಸು ಬರಲಿಲ್ಲ ಅಂದರು. ಪಾಸನ್ನು ಅದರ ಬಾಯಿಗಿಟ್ಟು ಒತ್ತಿದರು.

ಟಕ್.

ಮುನಿಸ್ವಾಮಪ್ಪನವರದೇ ಸದ್ದು. ಒಂದು ಎಳೆಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕಾಗದದ ಮೇಲೆ ಒಂದು ತೂತು, ಪಕ್ಕದಲ್ಲಿ ಒತ್ತಿ ಮೂಡಿದ ಅಂಕಿಗಳು, ತಡವಿದರೆ ಬೆರಳಿಗೆ ಹತ್ತುವಂಥವು. ನಾನು "ಥ್ಯಾಂಕ್ ಯು" ಅಂದದ್ದು ಆಕೆಗೋ, ಬೇರೆ ಯಾರಿಗೋ. ಕಣ್ಣು ಒರೆಸಿಕೊಂಡೆ. ಚೈತ್ರಾ, "ಮಿಸ್‌ಗೆ ಧೂಳು ಅಲರ್ಜಿ" ಅಂತ ಆಂಟಿಗೆ ವಿವರಿಸಿದಳು, ಅಷ್ಟು ಸ್ವಚ್ಛವಾದ ಪ್ಲಾಟ್‌ಫಾರಮ್ಮಿನಲ್ಲಿ. ರೈಲು ಒಂದು ನಿಮಿಷ ತಡವಾಗಿ ಹೊರಟಿತು. ಆ ದೇಶದಲ್ಲಿ ಅದು ನಮ್ಮ ಕೊಡುಗೆ.

ಶರಣಮ್ಮ ಅದರ ಫೋಟೋ ತೆಗೆದು ಅಪ್ಪನಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಮಲ್ಲಪ್ಪನ ದನಿಯ ಮೆಸೇಜು ಬಂತು: ಕಂಡಿತು, ಹೋಗು, ಊಟ ಬಿಡಬ್ಯಾಡ.

ಮೆಜೆಸ್ಟಿಕ್

ಶುಕ್ರವಾರ ಬೆಳಿಗ್ಗೆ "ಹೋಗು" ಅಂದು ಅವಳನ್ನು ರೈಲು ಹತ್ತಿಸಿದೆ. ಬಾಗಿಲ ಗುಂಡಿ ಅವಳೇ ಒತ್ತಿದಳು. ನಾಲ್ಕು ಗಂಟೆಯ ರೈಲಿಗೆ ವಾಪಸು ಅಂತ ಮಾತು.

ನಾಲ್ಕರ ರೈಲಿನಲ್ಲಿ ಅವಳಿಲ್ಲ. ಐದರದರಲ್ಲೂ ಇಲ್ಲ. ಫೋನ್ ಮಾಡಿದರೆ ಸಿಗದು. ಅಷ್ಟರಲ್ಲಿ ಮಲ್ಲಪ್ಪನ ಫೋನ್ ಬಂತು. ಏನು ಹೇಳಲಿ? ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಬಂತು. ಎತ್ತಲಿಲ್ಲ. ಸುಳ್ಳು ಹೇಳಲು ಬಾರದವರು ಫೋನ್ ಎತ್ತದೆ ಇರುವುದನ್ನು ಬೇಗ ಕಲಿಯುತ್ತಾರೆ. ಬೆಂಚಿನ ಮೇಲೆ ಕೂತು, ನನ್ನ ಎಪ್ಪತ್ತೊಂದು ವರ್ಷದಲ್ಲಿ ಯಾರಿಗೂ "ಹೋಗು" ಅಂತ ಹೇಳದೆ ಇದ್ದವಳು ಹೇಳಿದ ಮೊದಲ ಸಲವೇ ಹೀಗಾಯಿತಲ್ಲ ಅಂದುಕೊಂಡೆ. ಫರ್ಹಾನಾ ನನ್ನ ಕೈ ಹಿಡಿದುಕೊಂಡಿದ್ದಳು. ಚೈತ್ರಾ ಮಾತೇ ನಿಲ್ಲಿಸಿದ್ದಳು, ಅದು ಇನ್ನೂ ಭಯ ಹುಟ್ಟಿಸಿತು.

ಆರರ ರೈಲಿನ ಬಾಗಿಲು ತೆರೆಯಿತು. ಶರಣಮ್ಮ ಇಳಿದಳು, ಕೂದಲೆಲ್ಲ ಕೆದರಿ, ಮೂಗು ಬಿಸಿಲಿಗೆ ಕೆಂಪಾಗಿ.

"ಪಾಸಿನಾಗ ಹಡಗೂ ಇತ್ರಿ ಮಿಸ್."

ಕೆಲಸ ಎರಡಕ್ಕೇ ಮುಗಿದಿತ್ತಂತೆ. ಮೂರು ತುಂಡು ಕೊಟ್ಟರು, ಮೂರೂ ಸರಿಯಾಗಿ ಮಾಡಿ ಕೊಟ್ಟಳು. ಸೆಪ್ಟೆಂಬರಿಗೆ ಬಾ ಅಂದರು. ಹೊರಗೆ ಬಂದರೆ ಮುಂದೆ ನೀರು, ಕಡೆ ಕಾಣದಷ್ಟು ನೀರು, ದಡದಲ್ಲಿ ಬಿಳಿ ಹಡಗು. ಪಾಸು ತೋರಿಸಿ ಇದು ನಡೆಯುತ್ತಾ ಅಂತ ಸನ್ನೆಯಲ್ಲಿ ಕೇಳಿದಳು. ನಡೆಯಿತು. ಆಚೆ ದಡಕ್ಕೆ ಹೋಗಿ ಬಂದಳು. ಇನ್ನೊಮ್ಮೆ ಹೋಗಿ ಬಂದಳು. ಹಡಗಿನಿಂದಲೇ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ನೀರು ತೋರಿಸಿದಳು, ಅಷ್ಟಕ್ಕೆ ಫೋನಿನ ಚಾರ್ಜು ಮುಗಿಯಿತು.

ನಿಮ್ಮಪ್ಪ ನನಗೆ ಎರಡು ಸಲ ಫೋನ್ ಮಾಡಿದರು, ನಾನು ಹೆದರಿ ಎತ್ತಲಿಲ್ಲ ಅಂದೆ. ಹಾಗಾದರೆ ಈಗ ಮಾಡೋಣ ಅಂತ ನನ್ನ ಫೋನನ್ನೇ ತೆಗೆದುಕೊಂಡು ಮಾಡಿದಳು. ಮಲ್ಲಪ್ಪ ಸಂತೋಷ ಹಂಚಿಕೊಳ್ಳಲು ಮಾಡಿದ್ದರಂತೆ. ಮಗಳ ಜೊತೆ ಮಾತಾಡಿ ಕೊನೆಗೆ ಅವರು ಅಂದದ್ದು ನನಗೂ ಕೇಳಿಸಿತು.

"ನಿಮ್ಮ ಮಿಸ್ ಎಲ್ಲೋ ಕಳದಾರ ನೋಡು. ಕೈ ಹಿಡಕೊಂಡು ಬಾ."

ಗೊರಗುಂಟೆಪಾಳ್ಯ, ಮೊದಲನೆಯದು

ಆಗಸ್ಟ್ ಕೊನೆಯಲ್ಲಿ ಶರಣಮ್ಮ ಹೊರಟ ದಿನ ನನ್ನನ್ನು ಊಟಕ್ಕೆ ಕರೆದಿದ್ದರು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಆಮೇಲೆ ದಾಸರಹಳ್ಳಿಯಿಂದ ಹೆಬ್ಬಾಳದ ಕಡೆಯ ಬಸ್ಸು ಹತ್ತಿದೆವು. ಅಲ್ಲಿಂದ ಅಪ್ಪ ಮಗಳು ಏರ್‌ಪೋರ್ಟಿಗೆ. ನಾನು ನಡುವೆ ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೊ ಹಿಡಿದು ಮನೆಗೆ.

ಕಂಡಕ್ಟರು ನಮ್ಮಿಬ್ಬರ ಆಧಾರ್ ನೋಡಿ ಫ್ರೀ ಟಿಕೆಟ್ ಕೊಟ್ಟರು. ಮಲ್ಲಪ್ಪ ಒಬ್ಬರೇ ದುಡ್ಡು ತೆಗೆದರು. ದುಡ್ಯಾಂವನೂ ನಾನಾ, ಕೊಡಾಂವನೂ ನಾನಾ ಅಂತ ಗೊಣಗಿದರು, ಅದರಲ್ಲಿ ಏನೋ ಹೆಮ್ಮೆಯೂ ಇತ್ತು. ಸೂಟ್‌ಕೇಸನ್ನು ಎರಡು ಕಾಲುಗಳ ನಡುವೆ ಹಿಡಿದು ಕೂತಿದ್ದರು. ಶರಣಮ್ಮ ಕಿಟಕಿಯ ಹತ್ತಿರ, ನಾನು ಅವರ ಎದುರಿಗೆ. ಜಾಲಹಳ್ಳಿ ಕ್ರಾಸಿನಲ್ಲಿ ಎಂದಿನಂತೆ ಜಾಮು.

ಗೊರಗುಂಟೆಪಾಳ್ಯ ಬಂತು. ನಾನು ಎದ್ದೆ. ನನ್ನ ಜೊತೆಗೇ ಶರಣಮ್ಮನೂ ಎದ್ದಳು, ಬ್ಯಾಗು ಹೆಗಲಿಗೆ ಹಾಕಿಕೊಂಡು. ಮೂರು ವರ್ಷದ ಅಭ್ಯಾಸ, ಕಾಲು ತಾನಾಗಿ ಎದ್ದುಬಿಟ್ಟಿತು. ಮಲ್ಲಪ್ಪ ಅವಳ ಕಡೆ ನೋಡಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಅವಳ ತೋಳು ಹಿಡಿದು ಕೆಳಗೆ ಎಳೆದರು.

"ಕೂಡು. ಇನ್ನಾ ಮುಂದ ಅದ."

ಅವಳು ಕೂತಳು.

ನಾನು ಇಳಿದು ಫುಟ್‌ಪಾತಿನ ಮೇಲೆ ನಿಂತೆ. ಕಂಡಕ್ಟರು ಬಸ್ಸಿನ ಮೈಗೆ ಎರಡು ಸಲ ಬಡಿದರು. ಕಿಟಕಿಯಲ್ಲಿ ಶರಣಮ್ಮ ಏನನ್ನೋ ಪರ್ಸಿನಿಂದ ತೆಗೆದು ಗಾಜಿಗೆ ಒತ್ತಿ ಹಿಡಿದಳು. ಅವಧಿ ಮುಗಿದ ಆ ಜರ್ಮನ್ ಪಾಸು. ತೂತಿನಿಂದ ಬೆಳಕು ಕಾಣುತ್ತಿತ್ತು. ನಾನು ಕೈಯೆತ್ತಿ, ಹೆಬ್ಬೆರಳು ತೋರುಬೆರಳು ಕೂಡಿಸಿ, ಗಾಳಿಗೆ ಒಂದು ಟಕ್ ಕೊಟ್ಟೆ. ಅವಳ ತುಟಿ "ಥ್ಯಾಂಕ್ ಯು ಮಿಸ್" ಅಂದದ್ದು ಕಂಡಿತು. ಬಸ್ಸು ಎಡಕ್ಕೆ ತಿರುಗಿ ಹೆಬ್ಬಾಳದ ಕಡೆ ಹೋಯಿತು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅಲ್ಲಿ, ಅವಳ ಪಾಸು ಮುಗಿಯುತ್ತಿದ್ದ ಸ್ಟಾಪಿನಲ್ಲಿ, ಅವಳು ಇಳಿಯದೆ ಹೋದ ದಿನ.